ಮೈಯೇ ಚಾಸಿಯಾದ ಕಾರು: ಹಳೆಯ ವೇಗದ ಕಾರುಗಳ ಬಾಡಿ ಬಿಗಿಗೊಳಿಸಿದ ಚರಿತ್ರೆ

ಇಂದಿನ ಬಹುಪಾಲು ಕಾರುಗಳಿಗೆ ಬೇರೆ ಚಾಸಿ ಎಂಬುದಿಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಸಿಲ್, ಗಾಜಿನ ಪಕ್ಕದ ಕಂಬಗಳು, ಚಾವಣಿ, ಎಂಜಿನ್ನಿನ ಹಿಂದಿನ ತಗಡುಗೋಡೆ ಎಲ್ಲವೂ ಒಂದಕ್ಕೊಂದು ಬೆಸೆದುಕೊಂಡು ತಾವೇ ಭಾರ ಹೊರುತ್ತವೆ. ಈ ರಚನೆಗೆ ಯೂನಿಬಾಡಿ ಅಥವಾ ಮಾನೋಕಾಕ್ ಎಂದು ಹೆಸರು. ಲಾರಿಯ ವಿಷಯ ಬೇರೆ. ಕಾರ್ಖಾನೆಯಿಂದ ಬರಿಯ ಚಾಸಿ ಹೊರಡುತ್ತದೆ. ಚಾಲಕ ಬಿಸಿಲು ಗಾಳಿಗೆ ಮೈಯೊಡ್ಡಿ ಅದನ್ನು ಓಡಿಸಿಕೊಂಡು ಬಂದ ಮೇಲೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ಅದಕ್ಕೆ ಮೈ ಬರುತ್ತದೆ. ಭಾರತದ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಅಂಬಾಸಿಡರ್ ಕಾರು ಲಾರಿಯಷ್ಟೇ ಗಟ್ಟಿ ಎಂಬ ಹೆಸರು ಪಡೆದಿತ್ತು. ಆದರೂ ಅದಕ್ಕೆ ಪ್ರತ್ಯೇಕ ಚಾಸಿ ಇರಲಿಲ್ಲ. ಅದರ ಮೂಲವಾದ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೇ ಸರಣಿಯೂ ಯೂನಿಬಾಡಿಯೇ ಆಗಿತ್ತು.

ಯೂನಿಬಾಡಿ ಬಂದದ್ದು ಹಗುರಕ್ಕಾಗಿ, ಅಗ್ಗಕ್ಕಾಗಿ. ವೇಗ ಅದಕ್ಕೆ ಆಮೇಲೆ ಅಂಟಿಕೊಂಡಿತು. ಸಂಸಾರಸ್ಥರ ಕಾರಿಗೆಂದು ಲೆಕ್ಕಹಾಕಿದ ತಗಡಿನ ಮೈಯೊಳಗೆ ದೊಡ್ಡ ಎಂಜಿನ್ ಕೂರಿಸಿದಾಗ ಏನಾಯಿತು, ಅದನ್ನು ತಾಳಿಕೊಳ್ಳಲು ಆ ಮೈಯನ್ನು ಹೇಗೆ ಬಿಗಿಗೊಳಿಸುತ್ತ ಬರಲಾಯಿತು ಎಂಬುದು ಈ ಕಸುಬಿನ ಚರಿತ್ರೆ. ಹಳೆಯ ಯೂನಿಬಾಡಿ ಕಾರುಗಳಿಗೆ ಇಂದು ಸೇರಿಸುವ ಹೆಚ್ಚಿನ ಪಟ್ಟಿ, ಕೊಳವೆ, ತಗಡುಗಳು ಹೊಸ ಆವಿಷ್ಕಾರಗಳಲ್ಲ. ಅವೇ ಕಾರುಗಳ ಎಂಜಿನಿಯರುಗಳಿಗೆ ಗೊತ್ತಿದ್ದು, ಖರ್ಚಿನ ಕಾರಣಕ್ಕೆ ಕೈಬಿಟ್ಟವು.

ಮೊದಲ ಹೆಜ್ಜೆ ಇಟಲಿಯದು. ವಿಂಚೆಂಜೋ ಲಾಂಚಿಯಾ ಹಡಗಿನ ಒಡಲಿನಿಂದ ಪ್ರೇರಣೆ ಪಡೆದು ರೂಪಿಸಿದ ಲಾಂಬ್ಡಾ ಕಾರು 1922ರಲ್ಲಿ ಜನರೆದುರು ಬಂತು. ಅದಕ್ಕೆ ಚಾವಣಿ ಇರಲಿಲ್ಲ, ಆದ್ದರಿಂದ ಪಕ್ಕದ ಗೋಡೆಗಳನ್ನು ಆಳವಾಗಿ ಇಟ್ಟು, ಬಾಗಿಲುಗಳನ್ನು ಗಿಡ್ಡ ಮಾಡಿ, ಸೀಟಿನ ಹಿಂಬದಿಗಳನ್ನೇ ಅಡ್ಡಗೋಡೆಗಳಾಗಿ ಬಳಸಲಾಯಿತು. 1934ರ ಸಿಟ್ರೊಯೆನ್ ಟ್ರ್ಯಾಕ್ಷನ್ ಅವಾಂ ಈ ವಿಧಾನವನ್ನು ದೊಡ್ಡ ಸಂಖ್ಯೆಯ ತಯಾರಿಕೆಗೆ ತಂದಿತು. ತಗಡನ್ನು ಒತ್ತಿ ಸ್ಪಾಟ್ ವೆಲ್ಡ್ ಮಾಡುವ ಅದರ ತಂತ್ರ ಅಮೆರಿಕದ ಫಿಲಡೆಲ್ಫಿಯಾದ ಬಡ್ ಕಂಪನಿಯಿಂದ ಬಂದದ್ದು. ಅಮೆರಿಕದಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಯೂನಿಬಾಡಿ 1941ರ ನ್ಯಾಶ್ 600. ಒಂದು ಟ್ಯಾಂಕ್ ಪೆಟ್ರೋಲಿಗೆ 600 ಮೈಲಿ ಓಡುತ್ತದೆ ಎಂಬ ಪ್ರಚಾರವೇ ಅದರ ಹೆಸರಾಯಿತು. ಮಿತವ್ಯಯವೇ ಈ ರಚನೆಯ ಗುರಿ ಎಂಬುದು ಅಲ್ಲೇ ಕಾಣುತ್ತದೆ. 1960ರ ಹೊತ್ತಿಗೆ ಕ್ರೈಸ್ಲರ್ ತನ್ನ ಬಹುತೇಕ ಮಾದರಿಗಳನ್ನು ಯೂನಿಬಾಡಿಗೆ ಬದಲಿಸಿತ್ತು.

ಬಾಡಿಯ ಬಿಗಿ ಎಂದರೆ ಅದರ ಬಲವಲ್ಲ. ಮುರಿಯದಿರುವುದು ಬಲ, ಭಾರ ಬಿದ್ದಾಗ ಆಕಾರ ಬದಲಿಸದಿರುವುದು ಬಿಗಿ. ಕಾರಿಗೆ ಮುಖ್ಯವಾದದ್ದು ತಿರುಚು ಬಿಗಿ. ಮುಂದಿನ ಒಂದು ಚಕ್ರ ಗುಂಡಿಗೆ ಇಳಿದಾಗ, ತಿರುವಿನಲ್ಲಿ ಭಾರ ಒಂದು ಪಕ್ಕಕ್ಕೆ ವಾಲಿದಾಗ ಮುಂಭಾಗ ಒಂದು ಕಡೆಗೂ ಹಿಂಭಾಗ ಇನ್ನೊಂದು ಕಡೆಗೂ ಹೊರಳಲು ನೋಡುತ್ತವೆ. ಆಗ ಇಡೀ ಬಾಡಿ ತಾನೇ ಒಂದು ಸ್ಪ್ರಿಂಗ್ ಆಗುತ್ತದೆ. ಅದು ಸಸ್ಪೆನ್ಶನ್ನಿನ ಸ್ಪ್ರಿಂಗ್‌ಗೆ ಸಾಲಾಗಿ ಜೋಡಿಸಿದ ಇನ್ನೊಂದು ಸ್ಪ್ರಿಂಗ್ ಇದ್ದ ಹಾಗೆ, ಅದೂ ಶಾಕ್ ಅಬ್ಸಾರ್ಬರ್ ಇಲ್ಲದ್ದು. ಮೆತ್ತನೆಯ ಸ್ಪ್ರಿಂಗ್‌ಗಳಿರುವ ಸಾಧಾರಣ ಕಾರಿನಲ್ಲಿ ಇದು ಗೊತ್ತಾಗುವುದಿಲ್ಲ. ಗಟ್ಟಿ ಸ್ಪ್ರಿಂಗ್, ದಪ್ಪ ಆಂಟಿ-ರೋಲ್ ಬಾರ್, ಅಗಲ ಟೈರು ಹಾಕಿದಾಗ ಸ್ಪ್ರಿಂಗ್‌ಗಿಂತ ಮೊದಲು ಬಾಡಿಯೇ ಬಳುಕತೊಡಗುತ್ತದೆ. ಚಕ್ರಗಳ ಕೋನ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಸಸ್ಪೆನ್ಶನ್‌ಗೆ ಮಾಡಿದ ಯಾವ ಬದಲಾವಣೆಯೂ ಲೆಕ್ಕಕ್ಕೆ ಬರುವುದಿಲ್ಲ. ಬಿಗಿಗೊಳಿಸುವ ಕೆಲಸ ಶುರುವಾದದ್ದು ಈ ಕಾರಣಕ್ಕೆ.

ತಿರುಚನ್ನು ತಡೆಯುವುದು ಮುಚ್ಚಿದ ಆಕೃತಿ. ಶೂ ಪೆಟ್ಟಿಗೆಗೆ ಮುಚ್ಚಳ ಹಾಕಿ ತಿರುಚಿದರೆ ಅದು ಜಗ್ಗುವುದಿಲ್ಲ. ಮುಚ್ಚಳ ತೆಗೆದರೆ ಎರಡು ಬೆರಳಿಗೆ ಸೋಲುತ್ತದೆ. ತೆಳುಗೋಡೆಯ ಮುಚ್ಚಿದ ಕೊಳವೆಯ ತಿರುಚು ಬಿಗಿ ಅದು ಸುತ್ತುವರಿದ ವಿಸ್ತೀರ್ಣದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದೇ ಕೊಳವೆಯನ್ನು ಉದ್ದಕ್ಕೂ ಒಂದು ಗೆರೆ ಸೀಳಿದರೆ ಬಿಗಿ ನೂರಾರು ಪಟ್ಟು ಕುಸಿಯುತ್ತದೆ. ಹಳೆಯ ಕಾರಿನ ಸಿಲ್ ಅಂಥದೊಂದು ಕೊಳವೆ. ತುಕ್ಕು ಹಿಡಿದು ಬಿಟ್ಟುಕೊಂಡ ಅದರ ಜೋಡು ಅಂಥದೊಂದು ಸೀಳು. ಈ ಒಂದು ಸಂಗತಿ ತಿಳಿದರೆ ಮುಂದಿನ ಇತಿಹಾಸದ ಅರ್ಧ ತಿಳಿದಂತೆಯೇ.

ಅಮೆರಿಕದ ಫೋರ್ಡ್ ಮಸ್ಟಾಂಗ್ ಈ ಇತಿಹಾಸದ ಕೇಂದ್ರದಲ್ಲಿದೆ. 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಅದು ಬಿಡುಗಡೆಯಾಯಿತು. ಮೊದಲ ವರ್ಷದಲ್ಲೇ ನಾಲ್ಕು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಅದರ ಒಳಗಿದ್ದದ್ದು ಬಹುಮಟ್ಟಿಗೆ ಫಾಲ್ಕನ್. 1960ರ ಮಾದರಿಯಾಗಿ ಬಂದ ಫಾಲ್ಕನ್, ಆರು ಸಿಲಿಂಡರಿನ ಸಣ್ಣ ಎಂಜಿನ್ನಿನ ಮಿತವ್ಯಯದ ಕಾರು. ಅದರ ಮುಂದಿನ ಸಸ್ಪೆನ್ಶನ್ನಿನಲ್ಲಿ ಕಾಯಿಲ್ ಸ್ಪ್ರಿಂಗ್ ಮೇಲಿನ ತೋಳಿನ ಮೇಲೆ ಕೂತು, ತನ್ನ ಭಾರವನ್ನೆಲ್ಲ ಎಂಜಿನ್ನಿನ ಎರಡು ಪಕ್ಕದಲ್ಲಿ ಎದ್ದುನಿಂತ ತಗಡಿನ ಗೋಪುರಗಳಿಗೆ ದಾಟಿಸುತ್ತಿತ್ತು. ಇವುಗಳನ್ನು ಶಾಕ್ ಟವರ್ ಎನ್ನುತ್ತಾರೆ. ಅದೇ ಗೋಪುರಗಳು ಮಸ್ಟಾಂಗಿಗೂ ಬಂದವು, ಜೊತೆಗೆ 4.7 ಲೀಟರಿನ ವಿ8 ಎಂಜಿನ್ನೂ ಬಂತು.

ಫೋರ್ಡಿನ ಎಂಜಿನಿಯರುಗಳು ಇದನ್ನು ಕಾಣದೆ ಇರಲಿಲ್ಲ. ಚಾವಣಿಯಿಲ್ಲದ ಕನ್ವರ್ಟಿಬಲ್ ಮಾದರಿಗಾಗಿ ಅವರು ಮಾಡಿದ ಕೆಲಸ ನೋಡಿದರೆ ಸಾಕು. ಸಿಲ್‌ನೊಳಗೆ ಇನ್ನೊಂದು ದಪ್ಪ ತಗಡು, ಸೀಟಿನ ಕೆಳಗೆ ನೆಲವನ್ನು ಅಡ್ಡಲಾಗಿ ಕಟ್ಟುವ ಬಲವಾದ ಪಟ್ಟಿ, ಮುಂದಿನ ಹಳಿಯನ್ನು ಸಿಲ್‌ಗೆ ಸೇರಿಸುವ ತಗಡಿನ ಪೆಟ್ಟಿಗೆ. ಈ ಪೆಟ್ಟಿಗೆಗೆ ಟಾರ್ಕ್ ಬಾಕ್ಸ್ ಎಂದು ಹೆಸರು. ಮುಂದಿನ ಚಕ್ರಗಳ ಭಾರವನ್ನು ಹೊರುವ ಹಳಿ ಒಳಗಡೆಗಿರುತ್ತದೆ, ಸಿಲ್ ಹೊರಗಡೆಗಿರುತ್ತದೆ. ಎರಡರ ನಡುವಿನ ಆ ಒಂದು ಅಡಿ ಅಂತರವನ್ನು ಯಾವುದಾದರೂ ತುಂಬದಿದ್ದರೆ ಭಾರವೆಲ್ಲ ತೆಳ್ಳನೆಯ ನೆಲದ ತಗಡಿನ ಪಾಲಾಗುತ್ತದೆ. ಕನ್ವರ್ಟಿಬಲ್‌ಗೆ ಟಾರ್ಕ್ ಬಾಕ್ಸ್ ಎರಡೂ ಪಕ್ಕಕ್ಕಿತ್ತು. ಚಾವಣಿಯಿದ್ದ ಮೊದಮೊದಲ ಕಾರುಗಳಿಗೆ ಒಂದೇ ಪಕ್ಕಕ್ಕೆ ಇಟ್ಟು ಉಳಿತಾಯ ಮಾಡಲಾಯಿತು. ಸಾಧಾರಣ ಓಡಾಟಕ್ಕೆ ಅದು ಸಾಲುತ್ತಿತ್ತು.

ಸಾಲದ ಕಡೆ ಮೊದಲು ಗೊತ್ತಾದದ್ದು ಯುರೋಪಿನ ಮಂಜಿನ ಬೆಟ್ಟಗಳಲ್ಲಿ. 1963 ಮತ್ತು 1964ರ ಮಾಂಟೆ ಕಾರ್ಲೊ ರ‍್ಯಾಲಿಗೆ ಫೋರ್ಡ್ ವಿ8 ಎಂಜಿನ್ನಿನ ಫಾಲ್ಕನ್‌ಗಳನ್ನು ಕಳಿಸಿತು. 1964ರಲ್ಲಿ ಸ್ವೀಡನ್ನಿನ ಬೋ ಯುಂಗ್‌ಫೆಲ್ಟ್, ಪ್ಯಾಡಿ ಹಾಪ್‌ಕರ್ಕನ ಮಿನಿ ಕೂಪರಿಗೆ ಮಾತ್ರ ಸೋತು ಎರಡನೇ ಸ್ಥಾನ ಪಡೆದ. ಒಂದು ಶಾಕ್ ಟವರಿನಿಂದ ಇನ್ನೊಂದಕ್ಕೆ ಎಂಜಿನ್ನಿನ ಮೇಲಿಂದ ಅಡ್ಡಲಾಗಿ ಹಾಯುವ ಕೊಳವೆಗೆ ಇಂದಿಗೂ ಇರುವ ಮಾಂಟೆ ಕಾರ್ಲೊ ಬಾರ್ ಎಂಬ ಹೆಸರು ಆ ರ‍್ಯಾಲಿಯದೇ. ಇದರ ಜೊತೆಯ ಇನ್ನೊಂದು ಭಾಗ ಎಕ್ಸ್‌ಪೋರ್ಟ್ ಬ್ರೇಸ್. ಅಮೆರಿಕದೊಳಗೆ ಮಾರಿದ ಮಸ್ಟಾಂಗ್‌ಗಳಲ್ಲಿ ಟವರುಗಳನ್ನು ಎಂಜಿನ್ನಿನ ಹಿಂದಿನ ಗೋಡೆಗೆ ಕಟ್ಟಲು ಪಕ್ಕಕ್ಕೊಂದರಂತೆ ಎರಡು ಬಿಡಿ ಪಟ್ಟಿಗಳಿದ್ದವು. ರಸ್ತೆ ಕೆಟ್ಟದಾಗಿರುವ ದೇಶಗಳಿಗೆ ರಫ್ತಾಗುವ ಕಾರುಗಳಿಗೆ ಅವುಗಳ ಬದಲು ಒಂದೇ ತುಂಡಿನ ಒತ್ತಿದ ತಗಡಿನ ಪಟ್ಟಿ ಹಾಕುತ್ತಿದ್ದರು. ಎರಡು ಟವರುಗಳು ಮತ್ತು ಗೋಡೆ ಸೇರಿ ಒಂದು ತ್ರಿಕೋನವಾಗುತ್ತಿತ್ತು.

ಕ್ಯಾರೊಲ್ ಶೆಲ್ಬಿಯ ಕಾರ್ಯಾಗಾರ 1965ರ ಮಾದರಿಯ ಮಸ್ಟಾಂಗನ್ನು ರೇಸಿನ ಕಾರಾಗಿಸಲು ಕೈಹಾಕಿದಾಗ ಈ ಎರಡನ್ನೂ ಎತ್ತಿಕೊಂಡಿತು. ಬಹುಮಟ್ಟಿಗೆ ಲಾಸ್ ಏಂಜಲೀಸಿನ ವಿಮಾನ ನಿಲ್ದಾಣದ ಹ್ಯಾಂಗರುಗಳಲ್ಲಿ ತಯಾರಾದ ಜಿಟಿ350 ಕಾರಿಗೆ 306 ಅಶ್ವಶಕ್ತಿಯ ಎಂಜಿನ್, ಎಕ್ಸ್‌ಪೋರ್ಟ್ ಬ್ರೇಸ್, ಮಾಂಟೆ ಕಾರ್ಲೊ ಬಾರ್ ಮೂರೂ ಒಟ್ಟಿಗೇ ಬಂದವು. ಫೋರ್ಡಿನ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ಲೆಕ್ಕಹಾಕಿದಂತೆ ಮೇಲಿನ ತೋಳುಗಳ ತಿರುಗಣೆ ಒಂದು ಇಂಚಿನಷ್ಟು ಕೆಳಗಿಳಿಯಿತು. ರೇಸ್ ಚಾಲಕ ಕೆನ್ ಮೈಲ್ಸ್ ಓಡಿಸಿ ಹದಗೊಳಿಸಿದ ಆ ಕಾರು ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನ ಬಿ-ಪ್ರೊಡಕ್ಷನ್ ವರ್ಗದ ಪ್ರಶಸ್ತಿಯನ್ನು 1965ರಿಂದ ಮೂರು ವರ್ಷ ಸತತವಾಗಿ ಗೆದ್ದಿತು. ಶೆಲ್ಬಿಯ ಹೆಸರಿಗೆ ಎಷ್ಟೇ ಹೊಳಪಿರಲಿ, ಬಿಗಿಯ ಮಟ್ಟಿಗೆ ಆ ಕಾರ್ಯಾಗಾರ ಬಳಸಿದ್ದು ಫೋರ್ಡಿನ ರಫ್ತು ಮತ್ತು ರ‍್ಯಾಲಿ ವಿಭಾಗಗಳ ಅನುಭವವನ್ನೇ.

ಆ ಟವರುಗಳ ಪಾಡು ಹಳೆಯ ಮಸ್ಟಾಂಗಿನ ಬಾನೆಟ್ ಎತ್ತಿದವರಿಗೆಲ್ಲ ಗೊತ್ತು. ಹೊಸದಾಗಿ ತಂದ ಮಾಂಟೆ ಕಾರ್ಲೊ ಬಾರನ್ನು ಒಂದು ಕಡೆ ಬೋಲ್ಟ್ ಹಾಕಿ ಇನ್ನೊಂದು ಕಡೆ ತಂದಿಟ್ಟರೆ ರಂಧ್ರಗಳು ಕೂಡುವುದಿಲ್ಲ. ಬಾರ್ ಉದ್ದವಾಯಿತೇನೋ ಅನ್ನಿಸುತ್ತದೆ. ಬಾರ್ ಸರಿಯಾಗಿಯೇ ಇರುತ್ತದೆ. ವರ್ಷಗಟ್ಟಲೆ ಸ್ಪ್ರಿಂಗಿನ ಒತ್ತಡ ತಿಂದು ಟವರುಗಳು ಒಳಕ್ಕೆ ವಾಲಿರುತ್ತವೆ. ಅವುಗಳ ನಡುವೆ ಜಾಕ್ ಇಟ್ಟು ಹೊರಕ್ಕೆ ದೂಡಿಯೇ ಬೋಲ್ಟ್ ಕೂರಿಸಬೇಕಾಗುತ್ತದೆ. ಟವರಿನ ಬುಡದಲ್ಲಿ, ತೋಳಿನ ಬೋಲ್ಟುಗಳ ಸುತ್ತ, ಕೂದಲೆಳೆಯಂಥ ಬಿರುಕುಗಳಿರುವುದೂ ಅಪರೂಪವಲ್ಲ. ಅಂಥ ಬಿರುಕನ್ನು ಬೆಸೆಯದೆ ಮೇಲೆ ಬಾರ್ ಹಾಕುವುದು ರೋಗ ಮುಚ್ಚಿಟ್ಟಂತೆ.

1967ರ ಮಾದರಿಯಾಗಿ ಬಂದ ಷೆವ್ರೊಲೆ ಕಮಾರೊ ಬೇರೆ ದಾರಿ ಹಿಡಿಯಿತು. ಅದರ ಹಿಂಭಾಗ ಯೂನಿಬಾಡಿ; ಮುಂದೆ ಎಂಜಿನ್ ಮತ್ತು ಸಸ್ಪೆನ್ಶನ್ ಹೊರಲು ಪ್ರತ್ಯೇಕ ಸಬ್‌ಫ್ರೇಮ್; ಎರಡರ ನಡುವೆ ರಬ್ಬರ್ ಬುಷ್. ಸದ್ದು ಮತ್ತು ಅದುರು ಒಳಗೆ ಬಾರದಿರಲಿ ಎಂದು ಇಟ್ಟ ಆ ರಬ್ಬರೇ ರೇಸಿಗರ ತಲೆನೋವಾಯಿತು. ಮುಂದಿನ ಅರ್ಧ ಹಿಂದಿನ ಅರ್ಧಕ್ಕಿಂತ ಬೇರೆಯಾಗಿ ಹೊರಳುತ್ತಿತ್ತು. ಕನ್ವರ್ಟಿಬಲ್ ಕಮಾರೊದಲ್ಲಿ ಅದುರು ಎಷ್ಟಿತ್ತೆಂದರೆ ಕಾರ್ಖಾನೆ ಕಾರಿನ ನಾಲ್ಕು ಮೂಲೆಗಳಲ್ಲಿ ಭಾರದ ಸಿಲಿಂಡರುಗಳನ್ನು ಕೂರಿಸಿತು. ಒಳಗೆ ಸ್ಪ್ರಿಂಗಿನ ಮೇಲೆ ತೂಗುವ ತೂಕದ ಬಿಲ್ಲೆ; ಬಾಡಿ ಅದುರಿದಾಗ ಅದು ಎದುರಾಗಿ ಅದುರಿ ಶಮನ ಮಾಡುತ್ತಿತ್ತು. ಕಾರಿನ ಹುಚ್ಚರು ಇದಕ್ಕೆ ಕಾಕ್‌ಟೇಲ್ ಶೇಕರ್ ಎಂದು ಹೆಸರಿಟ್ಟರು. ಬಿಗಿ ಹೆಚ್ಚಿಸುವ ಬದಲು ಭಾರ ಹೆಚ್ಚಿಸಿ ಲಕ್ಷಣವನ್ನು ಮರೆಮಾಡಿದ ಆ ಪರಿಹಾರ ಎಂಜಿನಿಯರಿಂಗ್ ದೃಷ್ಟಿಯಿಂದ ಜಾಣತನದ್ದು, ಓಡಿಸುವವನ ದೃಷ್ಟಿಯಿಂದ ಸೋಲು.

ಕಮಾರೊಗೂ ಕ್ರೈಸ್ಲರಿನ ಕಾರುಗಳಿಗೂ ಸಿಕ್ಕ ನಿಜವಾದ ಮದ್ದು ಸಬ್‌ಫ್ರೇಮ್ ಕನೆಕ್ಟರ್. ಮುಂದಿನ ಹಳಿಗಳು ಸೀಟಿನ ಕೆಳಗೆಲ್ಲೋ ಮುಗಿಯುತ್ತವೆ, ಹಿಂದಿನ ಹಳಿಗಳು ಹಿಂದಿನ ಸೀಟಿನ ಬಳಿ ಶುರುವಾಗುತ್ತವೆ. ನಡುವೆ ಇರುವುದು ಒಂದು ಮಿಲಿಮೀಟರಿನ ಆಸುಪಾಸಿನ ನೆಲದ ತಗಡು. ಎರಡು ಮೂರು ಇಂಚಿನ ಚೌಕ ಕೊಳವೆಯನ್ನು ಎರಡೂ ಪಕ್ಕ ಹಾಯಿಸಿ ಮುಂದಿನ ಹಳಿಯನ್ನು ಹಿಂದಿನದಕ್ಕೆ ಕಟ್ಟಿಬಿಟ್ಟರೆ, ಯೂನಿಬಾಡಿ ತಾನು ಬಿಟ್ಟುಬಂದ ಲಾರಿ ಚಾಸಿಯನ್ನು ಒಂದಿಷ್ಟು ಮರಳಿ ಪಡೆದ ಹಾಗಾಯಿತು. ನಿಂತಲ್ಲಿಂದ ನೇರಕ್ಕೆ ನುಗ್ಗುವ ಡ್ರ್ಯಾಗ್ ರೇಸಿಗರು ಇದನ್ನು ಬೇಗ ಅಪ್ಪಿಕೊಂಡರು. ದೊಡ್ಡ ಎಂಜಿನ್ನಿನ ತಿರುಚು ಬಲಕ್ಕೆ ಬಾಡಿ ಬಳುಕಿ ಗಾಜಿಗೆ ಬಿರುಕು ಬೀಳುತ್ತಿದ್ದ ಕಾಲ ಅದು. ಕನೆಕ್ಟರನ್ನು ಬೋಲ್ಟಿನಿಂದಲೂ ಹಾಕಬಹುದು, ಬೆಸೆಯಲೂಬಹುದು. ಬೋಲ್ಟಿನದು ಕ್ರಮೇಣ ಸಡಿಲವಾಗುತ್ತದೆ. ಬೆಸೆದದ್ದು, ಅದರಲ್ಲೂ ನೆಲದ ತಗಡಿಗೆ ಉದ್ದಕ್ಕೂ ಅಂಟಿಸಿ ಬೆಸೆದದ್ದು, ಎಲ್ಲಕ್ಕಿಂತ ಮೇಲು. ಬೆಸೆಯುವಾಗ ಕಾರು ತನ್ನ ಚಕ್ರಗಳ ಮೇಲೆಯೇ ನಿಂತಿರಬೇಕು. ಜಾಕಿನ ಮೇಲೆ ಜೋತುಬಿದ್ದ ಬಾಡಿಗೆ ಬೆಸುಗೆ ಹಾಕಿದರೆ ಆ ಜೋಲು ಶಾಶ್ವತವಾಗುತ್ತದೆ, ಬಾಗಿಲುಗಳು ಮತ್ತೆ ಸರಿಯಾಗಿ ಮುಚ್ಚುವುದಿಲ್ಲ.

1966ರಲ್ಲಿ ಶುರುವಾದ ಟ್ರಾನ್ಸ್-ಆಮ್ ರೇಸ್ ಸರಣಿ ಮಸ್ಟಾಂಗ್ ಮತ್ತು ಕಮಾರೊಗಳನ್ನು ಎದುರುಬದುರು ನಿಲ್ಲಿಸಿತು. 1968 ಮತ್ತು 1969ರಲ್ಲಿ ಪೆನ್ಸ್ಕಿ ತಂಡದ ಮಾರ್ಕ್ ಡೊನಹ್ಯೂ ಕಮಾರೊದಲ್ಲಿ ಗೆದ್ದ. ತಗಡನ್ನು ಆಮ್ಲದಲ್ಲಿ ಅದ್ದಿ ತೆಳುವಾಗಿಸಿ ತೂಕ ಇಳಿಸುವ ಚಾಳಿ ಆಗಿನದು. ಹಾಗೆ ತೆಳುವಾದ ಕವಚಕ್ಕೆ ಬಿಗಿ ಬೇರೆಡೆಯಿಂದ ಬರಬೇಕಿತ್ತು. ಬಂದದ್ದು ರೋಲ್ ಕೇಜಿನಿಂದ. ನಿಯಮದ ಕಣ್ಣಿಗೆ ಅದು ಚಾಲಕನ ರಕ್ಷಣೆಗೆ ಇರುವ ಕೊಳವೆಗೂಡು. ಆದರೆ ಅದರ ಕಾಲುಗಳನ್ನು ಬರಿಯ ನೆಲಕ್ಕೆ ಊರದೆ ಸಸ್ಪೆನ್ಶನ್ ಬಾಡಿಗೆ ಸೇರುವ ಜಾಗಗಳಿಗೇ ಮುಟ್ಟಿಸಿದರೆ ಇಡೀ ಕಾರು ಬಿಗಿಯಾಗುತ್ತದೆ ಎಂಬುದನ್ನು ತಂಡಗಳು ಬಹಳ ಬೇಗ ಕಂಡುಕೊಂಡವು. ಬಿಗಿಯ ಮಟ್ಟಿಗೆ ಇದಕ್ಕೆ ಸಮನಾದ ಉಪಾಯ ಇನ್ನೊಂದಿಲ್ಲ. ದಿನನಿತ್ಯ ಓಡಿಸುವ ಕಾರಿಗೆ ಮಾತ್ರ ಅದು ಸಲ್ಲದು: ಹೆಲ್ಮೆಟ್ ಇಲ್ಲದ ತಲೆಗೆ ಸಮೀಪದ ಉಕ್ಕಿನ ಕೊಳವೆ ಅಪಘಾತದಲ್ಲಿ ಪ್ರಾಣಕ್ಕೇ ಎರವಾಗುತ್ತದೆ.

ಇಂಗ್ಲೆಂಡಿನಲ್ಲಿ ಬೆಳೆದದ್ದು ಬೆಸುಗೆಯ ಪರಂಪರೆ. 1968ರ ಫೋರ್ಡ್ ಎಸ್ಕಾರ್ಟ್ ಪುಟ್ಟ, ಸರಳ ಕಾರು. ಅದರ ರ‍್ಯಾಲಿ ಮಾದರಿಗಳಿಗಾಗಿ 1970ರಲ್ಲಿ ಎಸೆಕ್ಸಿನ ಏವ್ಲಿಯಲ್ಲಿ ಒಂದು ಪ್ರತ್ಯೇಕ ಘಟಕವೇ ತೆರೆಯಿತು. ಟೈಪ್ 49 ಎಂದು ಕರೆದ ಬಲಪಡಿಸಿದ ಕವಚಗಳಲ್ಲಿ ಮುಂದಿನ ಸಸ್ಪೆನ್ಶನ್ನಿನ ಸ್ಟ್ರಟ್‌ಗಳ ತಲೆಯ ಮೇಲೂ ಹಳಿಗಳ ಮೇಲೂ ಹೆಚ್ಚುವರಿ ತಗಡು ಕೂತಿತು. ಅದೇ ವರ್ಷ ಹನ್ನು ಮಿಕ್ಕೊಲ ಮತ್ತು ಗುನ್ನಾರ್ ಪಾಮ್ ಎಸ್ಕಾರ್ಟಿನಲ್ಲಿ ಲಂಡನ್–ಮೆಕ್ಸಿಕೊ ರ‍್ಯಾಲಿ ಗೆದ್ದರು. 1972ರಿಂದ 1979ರವರೆಗೆ ಬ್ರಿಟನ್ನಿನ ಆರ್‌ಎಸಿ ರ‍್ಯಾಲಿಯನ್ನು ಎಂಟು ಸಲವೂ ಎಸ್ಕಾರ್ಟೇ ಗೆದ್ದಿತು. ಕಾರ್ಖಾನೆಯ ಸ್ಪಾಟ್ ವೆಲ್ಡ್‌ಗಳ ನಡುವೆ ನಾಲ್ಕೈದು ಸೆಂಟಿಮೀಟರ್ ಅಂತರವಿರುತ್ತದೆ. ಆ ಅಂತರದಲ್ಲಿ ತಗಡುಗಳು ಒಂದನ್ನೊಂದು ಉಜ್ಜುತ್ತ ಜಾರುತ್ತವೆ. ಸೀಮ್ ವೆಲ್ಡಿಂಗ್ ಎಂದರೆ ಜೋಡಿನುದ್ದಕ್ಕೂ ಒಂದಿಂಚು ಬೆಸೆದು, ಒಂದೆರಡು ಇಂಚು ಬಿಟ್ಟು, ಮತ್ತೆ ಬೆಸೆಯುವುದು. ಒಂದೇ ಜಾಗದಲ್ಲಿ ಮುಂದುವರಿಯದೆ ಕಾರಿನ ಆ ಮೂಲೆ ಈ ಮೂಲೆ ಎಂದು ಸ್ಥಳ ಬದಲಿಸುತ್ತ ಹೋದರೆ ಮಾತ್ರ ಕಾವಿಗೆ ತಗಡು ಸೊಟ್ಟಗಾಗದೆ ಉಳಿಯುತ್ತದೆ. ಒಳಗಿನ ಹಳೆಯ ಸೀಲರನ್ನು ಒಂದಂಗುಲವೂ ಬಿಡದೆ ಕೆರೆದು ತೆಗೆಯಬೇಕು. ದಿನಗಟ್ಟಲೆಯ ಮಂಡಿ ಊರಿದ ದುಡಿಮೆ ಅದು. ಈ ಕಸುಬಿನ ನಿಜವಾದ ಮರ್ಯಾದೆ ಅದಕ್ಕೇ ಸಲ್ಲಬೇಕು.

ಜಪಾನಿನ ಕುಶಲಕರ್ಮಿಗಳು ಇದನ್ನೇ ಇನ್ನೊಂದು ಬಗೆಯಲ್ಲಿ ಮಾಡಿದರು. ಟೊಯೋಟಾದ ಎಇ86ರಂಥ ಹಗುರ ಕಾರುಗಳಲ್ಲಿ, ಕಾರ್ಖಾನೆಯ ಚುಕ್ಕೆಗಳ ನಡುವೆ ಇನ್ನಷ್ಟು ಸ್ಪಾಟ್ ವೆಲ್ಡ್ ಚುಕ್ಕೆಗಳನ್ನು ಸೇರಿಸಿದರು. ಟೊಳ್ಳು ಕಂಬಗಳಿಗೂ ಸಿಲ್‌ಗಳಿಗೂ ಯುರೇಥೇನ್ ನೊರೆ ತುಂಬುವ ಪದ್ಧತಿಯೂ ಅಲ್ಲಿ ಹರಡಿತು. ನೊರೆ ತುಂಬಿದ ಮೇಲೆ ಆ ಜಾಗದಲ್ಲಿ ಬೆಸುಗೆ ಸಾಧ್ಯವಿಲ್ಲ, ಒಳಗೆ ಸೇರಿದ ನೀರಿಗೂ ಹೊರದಾರಿ ಇಲ್ಲ. ಹಳೆಯ ಕಾರಿಗೆ ಅದು ಬೇಡವೆನ್ನುವುದೇ ಲೇಸು. ಜರ್ಮನಿಯ ಬಿಎಂಡಬ್ಲ್ಯು 1986ರ ಮೊದಲ ಎಂ3 ಕಾರಿನಲ್ಲಿ ಮುಂದಿನ ಹಿಂದಿನ ಗಾಜುಗಳನ್ನು ರಬ್ಬರ್ ಪಟ್ಟಿಯ ಬದಲು ಬಾಡಿಗೆ ಅಂಟಿನಿಂದಲೇ ಕೂರಿಸಿತು. ಗಾಜು ಭಾರ ಹೊರುವ ಸದಸ್ಯನಾಯಿತು.

ಫಾಲ್ಕನ್‌ನ ಕತೆ ಅಮೆರಿಕದಲ್ಲಿ ಮತ್ತೊಮ್ಮೆ ನಡೆಯಿತು. 1979ರ ಮಸ್ಟಾಂಗ್ ಫಾಕ್ಸ್ ಎಂಬ ಹೊಸ ಅಡಿಪಾಯದ ಮೇಲೆ ಬಂತು. ಅದು ಫೇರ್‌ಮಾಂಟ್ ಎಂಬ ಸಂಸಾರದ ಸೆಡಾನ್‌ಗೆ ಮೊದಲು ಬಳಸಿದ ಅಡಿಪಾಯ. 1987ಕ್ಕೆ ಅದರ 5 ಲೀಟರ್ ಎಂಜಿನ್ 225 ಅಶ್ವಶಕ್ತಿಗೆ ಏರಿತು. ಅಗ್ಗದ ಬೆಲೆಗೆ ಸಿಕ್ಕ ಆ ಕಾರುಗಳನ್ನು ಯುವಕರು ಇನ್ನಷ್ಟು ಬಲಪಡಿಸಿ ಓಡಿಸಿದಾಗ ಹಿಂದಿನ ಟಾರ್ಕ್ ಬಾಕ್ಸ್‌ಗಳು, ಅಂದರೆ ಹಿಂದಿನ ಅಚ್ಚಿನ ತೋಳುಗಳು ಬಾಡಿಗೆ ಸೇರುವ ಪೆಟ್ಟಿಗೆಗಳು, ಸ್ಪಾಟ್ ವೆಲ್ಡ್ ಬಿಟ್ಟು ಹರಿಯತೊಡಗಿದವು. ಈ ಕಾರುಗಳಿಗಾಗಿಯೇ ಕನೆಕ್ಟರ್, ತಗಡಿನ ಮರುಕವಚಗಳನ್ನು ಮಾರುವ ಸಣ್ಣ ಉದ್ಯಮಗಳ ಒಂದು ಪಡೆಯೇ ಹುಟ್ಟಿತು. 1994ರಲ್ಲಿ ಫೋರ್ಡ್ ಅದೇ ಅಡಿಪಾಯವನ್ನು ತಿದ್ದಿ ಮಸ್ಟಾಂಗಿನ ಹೊಸ ಪೀಳಿಗೆ ತಂದಾಗ ಬಾಡಿಯ ಬಿಗಿ ಹೆಚ್ಚಿಸಿದ್ದೇ ಅದರ ಮುಖ್ಯ ಬದಲಾವಣೆಗಳಲ್ಲಿ ಒಂದಾಗಿತ್ತು.

ಬಿಗಿಯನ್ನು ಅಳೆಯುವ ಕ್ರಮ ಸರಳ. ಬಾಡಿಯ ಹಿಂಭಾಗವನ್ನು ಅಲುಗದಂತೆ ಕಟ್ಟಿ, ಮುಂಭಾಗವನ್ನು ನಡುವೆ ತಿರುಗಣೆಯಿರುವ ತೊಲೆಯ ಮೇಲಿಟ್ಟು, ತೊಲೆಯ ಒಂದು ತುದಿಗೆ ತೂಕ ಹೇರುತ್ತಾರೆ. ಸಿಲ್‌ನುದ್ದಕ್ಕೂ ಡಯಲ್ ಗೇಜುಗಳನ್ನಿಟ್ಟು ಎಲ್ಲೆಲ್ಲಿ ಎಷ್ಟು ಹೊರಳಿತು ಎಂದು ನೋಡುತ್ತಾರೆ. ಒಂದು ಡಿಗ್ರಿ ತಿರುಚಲು ಎಷ್ಟು ನ್ಯೂಟನ್-ಮೀಟರ್ ಬೇಕು ಎಂಬುದೇ ಅಂಕಿ. ಹಳೆಯ ಯೂನಿಬಾಡಿಗಳಲ್ಲಿ ಅದು ಕೆಲವೇ ಸಾವಿರ. ಇಂದಿನ ಒಳ್ಳೆಯ ಸೆಡಾನ್‌ಗಳಲ್ಲಿ 20 ಸಾವಿರವನ್ನು ಮೀರುತ್ತದೆ. ಅಂಕಿಗಿಂತ ಉಪಯುಕ್ತವಾದದ್ದು ಹೊರಳಿನ ಗೆರೆ: ಅದು ಥಟ್ಟನೆ ಏರುವ ಕಡೆಯೇ ಬಾಡಿ ಸೋತ ಕಡೆ. ಗ್ಯಾರೇಜಿನಲ್ಲಿ ಇಷ್ಟೆಲ್ಲ ಬೇಕಿಲ್ಲ. ಮುಂದಿನ ಒಂದು ಮೂಲೆಗೆ ಜಾಕ್ ಕೊಟ್ಟು ಎತ್ತಿದಾಗ ಬಾಗಿಲ ಸಂದಿನ ಅಗಲ ಮೇಲೂ ಕೆಳಗೂ ಬೇರೆಬೇರೆಯಾದರೆ, ಬಾಗಿಲ ಚಿಲಕ ಬಿಗಿಹಿಡಿದರೆ, ಬಾಡಿಯ ಸ್ಥಿತಿ ಅಲ್ಲೇ ಕಾಣುತ್ತದೆ.

ಕೆಲಸದ ಕ್ರಮವೂ ಇದರಿಂದಲೇ ಸಿಗುತ್ತದೆ. ಮೊದಲು ತುಕ್ಕು: ಸಿಲ್, ಟಾರ್ಕ್ ಬಾಕ್ಸ್, ನೆಲದ ಅಂಚು ಮೂರರಲ್ಲೂ ಕೆಟ್ಟ ತಗಡನ್ನು ಕತ್ತರಿಸಿ ತೆಗೆದು ಹೊಸದನ್ನು ಬೆಸೆಯದೆ ಮುಂದಿನದೆಲ್ಲ ವ್ಯರ್ಥ. ಆಮೇಲೆ ಟಾರ್ಕ್ ಬಾಕ್ಸ್ ಎರಡೂ ಪಕ್ಕಕ್ಕೆ, ಆಮೇಲೆ ಕನೆಕ್ಟರ್, ಸೀಮ್ ವೆಲ್ಡ್. ಶಾಕ್ ಟವರುಗಳ ನಡುವಿನ ಬಾರ್ ಕೊನೆಯದು. ಬಾನೆಟ್ ಎತ್ತಿದೊಡನೆ ಕಣ್ಣಿಗೆ ಬೀಳುವುದರಿಂದ ಹೆಚ್ಚು ಮಾರಾಟವಾಗುವುದು ಅದೇ. ಆದರೆ ಅದು ಟವರುಗಳನ್ನು ಹಿಡಿದಿಡುತ್ತದೆಯೇ ಹೊರತು ಬಾಡಿಯ ನಡುಭಾಗದ ತಿರುಚನ್ನು ಮುಟ್ಟುವುದಿಲ್ಲ. ಹಿಂದಿನ ಗೋಡೆಗೆ ಕಟ್ಟಿಕೊಳ್ಳದೆ ಟವರಿನಿಂದ ಟವರಿಗೆ ಮಾತ್ರ ಹಾಯುವ ಬಾರ್‌ನಿಂದ ಸಿಗುವ ಲಾಭ ಇನ್ನೂ ಕಡಿಮೆ.

1960ರ ದಶಕದ ಮಸ್ಟಾಂಗಿನ ಭಾಗಗಳನ್ನು ಇಂದು ಅಮೆರಿಕದಲ್ಲಿ ಹೊಸದಾಗಿ ಒತ್ತಿಸಿ ಮಾರುತ್ತಾರೆ; ಇಡೀ ಕವಚವೇ ಬೇಕಾದರೂ ಸಿಗುತ್ತದೆ. ಚಾವಣಿಯಿರುವ ಕಾರನ್ನು ಬಿಗಿಗೊಳಿಸಲು ಹೊರಟವರು ಕೊಳ್ಳುವ ತಗಡುಗಳಲ್ಲಿ ಎರಡನೇ ಪಕ್ಕದ ಟಾರ್ಕ್ ಬಾಕ್ಸ್, ಸಿಲ್‌ನ ಒಳತಗಡು, ಸೀಟಿನ ಕೆಳಗಿನ ಅಡ್ಡಪಟ್ಟಿ ಇವು ಮುಖ್ಯ. ಮೂರೂ ಕನ್ವರ್ಟಿಬಲ್‌ಗೆಂದು ಫೋರ್ಡ್ ಮಾಡಿದ ನಕ್ಷೆಯವು.